ಮಹಾವೇಲಿ ಗಂಗೆ

ಬಾವಿಗೆ ಪೂಜೆ ಮಾಡುವಾಗ ನಾವು ಏನನ್ನುತ್ತೇವೆ? ಗಂಗೆ ಪೂಜೆ ಅನ್ನುತ್ತೇವೆ. ನೀರು ಯಾವ ಊರಿನದಾದರೂ ನಮಗೆ ಅದು ಗಂಗೆಯೇ. ಸಮುದ್ರದಾಚೆ ಶ್ರೀಲಂಕಾದಲ್ಲೂ ಸಿಂಹಳ ಭಾಷೆಯವರು ನದಿಗೆ ಗಂಗ ಅನ್ನುತ್ತಾರೆ. ಅಲ್ಲಿಯ ಅತಿ ಉದ್ದದ ನದಿ ಮಹಾವೇಲಿ ಗಂಗ. ವೇಲಿ ಎಂದರೆ ಮರಳು. ಮರಳಿನ ದೊಡ್ಡ ನದಿ ಅಂತ ಅರ್ಥ.

ಶ್ರೀಲಂಕಾ ಒಂದು ದ್ವೀಪ. ದ್ವೀಪ ಅಂದರೆ ಸುತ್ತಲೂ ಸಮುದ್ರ, ನಡುವೆ ನೆಲ. ಈ ನೆಲದ ನಡುವೆ ಎತ್ತರದ ಬೆಟ್ಟಗಳಿವೆ. ಮಹಾವೇಲಿ ಹುಟ್ಟುವುದು ಅಲ್ಲಿಯೇ. ಬೆಟ್ಟದ ತುಂಬ ಟೀ ತೋಟ. ಎಲೆ ಕೀಳುವವರು ಹೆಚ್ಚಾಗಿ ನಮ್ಮಂಥ ಹೆಂಗಸರೇ. ಅವರಲ್ಲಿ ಬಹಳ ಮಂದಿಯ ಹಿರಿಯರನ್ನು ಬ್ರಿಟಿಷರು ತಮಿಳು ನಾಡಿನಿಂದ ಕರೆದೊಯ್ದಿದ್ದರು.

ನದಿಯ ಉದ್ದ 335 ಕಿಲೋಮೀಟರ್. ನಮ್ಮ ಕಾವೇರಿ ಸುಮಾರು 800 ಕಿಲೋಮೀಟರ್. ಅಯ್ಯೋ, ಇಷ್ಟೇನಾ ಅನ್ನಬೇಡಿ. ಆ ದೇಶದ ನೆಲದಲ್ಲಿ ಆರರಲ್ಲಿ ಒಂದು ಪಾಲಿನ ಮಳೆನೀರು ಈ ನದಿಗೇ ಬಂದು ಸೇರುತ್ತದೆ.

ಬೆಟ್ಟ ಇಳಿದ ನದಿ ಕ್ಯಾಂಡಿ ಪಟ್ಟಣದ ಹತ್ತಿರ ಹರಿಯುತ್ತದೆ. ಅಲ್ಲಿ ಪೆರಾದೆಣಿಯ ಎಂಬ ಕಡೆ ದೊಡ್ಡ ಸಸ್ಯತೋಟವಿದೆ. ನದಿ ಅದನ್ನು ಮೂರು ಕಡೆಯಿಂದ ಬಳಸಿ ಹೋಗುತ್ತದೆ. ಆಮೇಲೆ ಪೂರ್ವಕ್ಕೆ ತಿರುಗಿ, ಬಯಲಿಗಿಳಿದು, ಉತ್ತರಕ್ಕೆ ಹೊರಳುತ್ತದೆ. ಕೊನೆಗೆ ತ್ರಿಂಕೋಮಲಿ ಹತ್ತಿರ ಕಡಲು ಸೇರುತ್ತದೆ.

ಮೇ ತಿಂಗಳಲ್ಲಿ ನೈರುತ್ಯದಿಂದ ಮೋಡ ಬರುತ್ತದೆ. ಬೆಟ್ಟಕ್ಕೆ ತಾಗಿ ಈಚೆ ಬದಿಗೇ ಸುರಿದುಬಿಡುತ್ತದೆ. ಆಚೆ ಬದಿಗೆ ಒಣಗಾಳಿ ಮಾತ್ರ. ನಮ್ಮಲ್ಲಿ ಆಗುಂಬೆಗೆ ಮಳೆ, ಚಿತ್ರದುರ್ಗಕ್ಕೆ ಬಿಸಿಲು ಇದ್ದ ಹಾಗೆ. ಆಚೆ ಬದಿಗೆ ಮಳೆ ಬರುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಅದಕ್ಕೇ ಹಿಂದಿನ ರಾಜರು ಅಲ್ಲಿ ಕೆರೆ ಕಟ್ಟಿಸಿದರು. 12ನೇ ಶತಮಾನದ ಒಂದು ಕೆರೆ ಎಷ್ಟು ದೊಡ್ಡದೆಂದರೆ, ಜನ ಅದನ್ನು ಪರಾಕ್ರಮ ಸಮುದ್ರ ಅನ್ನುತ್ತಾರೆ. ಮಹಾವೇಲಿಯ ಉಪನದಿಯೊಂದರ ನೀರು ಅದಕ್ಕೆ ಬರುತ್ತದೆ.

ನಮ್ಮ ಕಾಲದಲ್ಲಿ ನದಿಯನ್ನೇ ಒಣನೆಲದ ಕಡೆಗೆ ತಿರುಗಿಸಿದರು. ಕ್ಯಾಂಡಿಯ ಹತ್ತಿರ ಪೊಲ್‌ಗೊಲ್ಲದಲ್ಲಿ ಕಟ್ಟೆ ಕಟ್ಟಿದರು. 1976ರಿಂದ ನೀರು ಬೆಟ್ಟದೊಳಗಿನ ಸುರಂಗದಲ್ಲಿ ಹಾದು ಆಚೆ ಬರುತ್ತಿದೆ. 1985ರಲ್ಲಿ 122 ಮೀಟರ್ ಎತ್ತರದ ವಿಕ್ಟೋರಿಯಾ ಅಣೆಕಟ್ಟು ಮುಗಿಯಿತು. ಕೊತ್ಮಲೆ ಅಣೆಕಟ್ಟೂ ಅದೇ ವರ್ಷದ್ದು. ಕರೆಂಟು ಬಂತು. ಒಣನೆಲದಲ್ಲಿ ಭತ್ತ ಬೆಳೆಯಿತು. ಆದರೆ ಕೊತ್ಮಲೆಯಲ್ಲಿ ಮನೆ, ಗದ್ದೆ, ಗುಡಿ ಎಲ್ಲ ಮುಳುಗಿದವು. ನೆಟ್ಟ ಮರ, ನೀರು ಸೇದಿದ ಬಾವಿ ಬಿಟ್ಟು ಹೋಗುವುದು ಅಂದರೆ ಏನು ಅಂತ ನಮಗೆ ಗೊತ್ತಿಲ್ಲವೇ?

ಹೊಸ ಕಾಲುವೆಯ ಕೆಳಗೆ ಒಂದೊಂದು ಸಂಸಾರಕ್ಕೆ ಎರಡೂವರೆ ಎಕರೆ ಗದ್ದೆ, ಮನೆಗೆ ಅರ್ಧ ಎಕರೆ ಕೊಟ್ಟರು. ನಾಟಿ, ಕಳೆ, ಕೊಯ್ಲು ಹೆಂಗಸರೂ ಮಾಡಿದರು. ಪತ್ರದಲ್ಲಿ ಮಾತ್ರ ಹೆಚ್ಚಾಗಿ ಗಂಡನ ಹೆಸರು. ಬಿಟ್ಟುಬಂದ ಎಷ್ಟೋ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೂ ಜಮೀನಿನಲ್ಲಿ ಪಾಲಿತ್ತು. ಹೊಸ ಊರಿಗೆ 1935ರ ಸರ್ಕಾರಿ ಕಾನೂನು. ವಾರಸುದಾರರ ಹೆಸರು ಬರೆಸದೆ ಯಜಮಾನ ತೀರಿಹೋದರೆ, ಮಕ್ಕಳಲ್ಲಿ ಮೊದಲ ಹಕ್ಕು ಗಂಡುಮಕ್ಕಳಿಗೆ. ಮಗಳ ಸರದಿ ಆಮೇಲೆ.

ಈ ಗಂಡು ಹೆಣ್ಣು ಭೇದವನ್ನು ಕಾನೂನಿನಿಂದ ತೆಗೆದದ್ದು 2022ರಲ್ಲಿ. ಅಷ್ಟರಲ್ಲಿ, ಮೊದಲು ಆ ಗದ್ದೆಗಿಳಿದು ನಾಟಿ ಹಾಕಿದ ಹೆಂಗಸರು ಅಜ್ಜಿಯರಾಗಿದ್ದರು.