ಪೆಟ್ಟು ತಲೆಯ ಹೊರಗೆ, ಅಪಾಯ ತಲೆಯ ಒಳಗೆ

ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನ ಲೇಖನ ಬರೆಯುವ ಸರದಿ ನಮ್ಮ ಒಂಬತ್ತನೇ ತರಗತಿಯದು. ಮೇಷ್ಟ್ರು "ಸೌರಮಂಡಲ ಬರಿಯಮ್ಮ, ಚಿತ್ರ ಚೆನ್ನಾಗಿ ಬರುತ್ತೆ" ಅಂದಿದ್ದರು. ನಾನೇ ಕೇಳಿಕೊಂಡು ಈ ವಿಷಯ ತೆಗೆದುಕೊಂಡೆ. ಅಕ್ಷರ ಸಣ್ಣದಾಗಿದೆ, ಹಾಳೆ ಸಾಲಲಿಲ್ಲ, ದಯವಿಟ್ಟು ಹತ್ತಿರ ನಿಂತು ಓದಿ.

ಆರನೇ ತರಗತಿಯಲ್ಲಿ ಓದುವ ನನ್ನ ತಮ್ಮನಿಗೆ ಏನಾಯಿತು ಅಂತ ಊರಲ್ಲಿ ನಾಲ್ಕು ಥರ ಹೇಳುತ್ತಾರೆ. ನಡೆದದ್ದು ಇಷ್ಟು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಮ್ಮ ನನಗೆ ಅಟ್ಟದಿಂದ ನಾಲ್ಕು ಕಾಯಿ ಇಳಿಸಲಿಕ್ಕೆ ಹೇಳಿ ತೋಟಕ್ಕೆ ಹೋಗಿದ್ದರು. ನಾನು ಹತ್ತಲಿಲ್ಲ, ತಮ್ಮನನ್ನು ಹತ್ತಿಸಿದೆ. "ಅಕ್ಕ, ಏಣಿ ಗಟ್ಟಿಯಾಗಿ ಹಿಡ್ಕೊ" ಅಂದ. ಹಿಡ್ಕೊಂಡಿದ್ದೆ. ಅವನು ಇಳಿಯುವಾಗ ಹೊರಗೆ ಯಾರೋ ಕರೆದ ಹಾಗಾಯಿತು, ಕೈ ಬಿಟ್ಟು ಬಾಗಿಲ ಕಡೆ ನೋಡಿದೆ. ಅಷ್ಟರಲ್ಲಿ ಏಣಿ ಜಾರಿತು. ಅವನು ಎಡಮಗ್ಗುಲಾಗಿ ಬಿದ್ದ. ಎಡಗಿವಿಯ ಮೇಲ್ಗಡೆ ಒರಳುಕಲ್ಲಿನ ಅಂಚು ಬಡಿಯಿತು.

ಸ್ವಲ್ಪ ಹೊತ್ತು ಅವನಿಗೆ ಮಾತೇ ಇರಲಿಲ್ಲ. ಕಣ್ಣು ಬಿಟ್ಟಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ಎದ್ದು ಕೂತ. ರಕ್ತ ಬಂದಿರಲಿಲ್ಲ, ಬರೀ ಬುಗುಟು ಎದ್ದಿತ್ತು. ಕೊಬ್ಬರಿ ಎಣ್ಣೆ ಉಜ್ಜಿ "ಅಮ್ಮಂಗೆ ಹೇಳ್ಬೇಡ ಕಣೋ, ನನ್ನನ್ನ ಬೈತಾಳೆ" ಅಂದೆ. "ಆಯ್ತು ಬಿಡಕ್ಕ" ಅಂತ ನಕ್ಕ. ಅರ್ಧ ಗಂಟೆಯಲ್ಲಿ ಬೀದಿಯಲ್ಲಿ ಗೋಲಿ ಆಡ್ತಿದ್ದ. ಸದ್ಯ, ಏನೂ ಆಗಲಿಲ್ಲ ಅಂದುಕೊಂಡೆ. ನಾನು ಮಾಡಿದ ತಪ್ಪು ಏಣಿ ಬಿಟ್ಟದ್ದು ಮಾತ್ರ ಅಲ್ಲ. ದೊಡ್ಡ ತಪ್ಪು ಈ "ಏನೂ ಆಗಲಿಲ್ಲ" ಅನ್ನುವುದು.

ಮಧ್ಯಾಹ್ನ ಊಟ ಬೇಡ, ತಲೆ ಸಿಡೀತೈತೆ ಅಂದ. ಮಲಗಿಸಿದೆ. ಎದ್ದು ಎರಡು ಸಲ ವಾಂತಿ ಮಾಡಿದ. ಅಮ್ಮ ಬಂದು ಕೇಳಿದಾಗ "ಬಿಸಿಲಲ್ಲಿ ಆಡಿದ" ಅಂತ ಸುಳ್ಳು ಹೇಳಿದೆ. ಅಜ್ಜಿ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಸಂಜೆ ಹೊತ್ತಿಗೆ ಎಬ್ಬಿಸಿದರೆ ಏಳುತ್ತಿರಲಿಲ್ಲ, ಎದ್ದರೂ ಮತ್ತೆ ಒರಗುತ್ತಿದ್ದ. ಕಾಫಿ ಲೋಟ ಕೊಟ್ಟರೆ ಬಲಗೈ ಎತ್ತಲಿಕ್ಕೇ ಆಗಲಿಲ್ಲ. ಆಗ ಬಾಯಿ ಬಿಟ್ಟೆ. ಬಿದ್ದು ಆಗಲೇ ಏಳು ಗಂಟೆ ಕಳೆದಿತ್ತು.

ಆ ಏಳು ಗಂಟೆಯಲ್ಲಿ ಅವನ ತಲೆಯೊಳಗೆ ಏನು ನಡೆಯುತ್ತಿತ್ತು ಅನ್ನುವುದೇ ಈ ಪಾಠ.

ನಮ್ಮ ಕಡೆ ಎಲ್ಲರ ಮನೆಯ ಅಟ್ಟದಲ್ಲೂ ಕಾಯಿ ಇರುತ್ತವೆ. ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕು ಆಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ನಮ್ಮ ಮಿದುಳು ತಲೆಬುರುಡೆಯಲ್ಲಿ ಹಾಗೆ ಒಣಗಿ ಕೂತಿಲ್ಲ. ಅದು ಗಟ್ಟಿ ಮೊಸರಿನಷ್ಟು ಮೆತ್ತಗೆ. ದೊಡ್ಡವರಲ್ಲಿ 1,300ರಿಂದ 1,400 ಗ್ರಾಂ ತೂಗುತ್ತದೆ. ಅದರ ಸುತ್ತ ಮೂರು ಪೊರೆಗಳಿವೆ, ಪೊರೆಗಳ ನಡುವೆ ನೀರಿನಂಥ ದ್ರವ ಇದೆ. ಮಿದುಳು ಮತ್ತು ಮಿದುಳುಬಳ್ಳಿ ಸೇರಿ ಆ ದ್ರವ ಸುಮಾರು 150 ಮಿಲಿಲೀಟರ್, ಅಂದರೆ ಒಂದು ಲೋಟ. ಬಾವಿಯೊಳಗೆ ಕೊಡ ಹಗುರವಾಗುವಂತೆ ಈ ದ್ರವದಲ್ಲಿ ತೇಲುವ ಮಿದುಳು ಸುಮಾರು 50 ಗ್ರಾಂ ಮಾತ್ರ ಭಾರವಿದ್ದಂತೆ ಇರುತ್ತದೆ. ದಿನವೂ ನಾವು ಕುಣಿದರೂ ಹಾರಿದರೂ ಅದಕ್ಕೆ ಏನೂ ಆಗದಿರುವುದು ಇದರಿಂದ.

ಆದರೆ ತಲೆ ಒಮ್ಮೆಲೇ ನಿಂತರೆ? ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಹಾಗೆ ಬುರುಡೆ ನಿಂತರೂ ಮಿದುಳು ಮುಂದೆ ಹೋಗಿ ಬುರುಡೆಗೆ ಅಪ್ಪಳಿಸುತ್ತದೆ, ಮತ್ತೆ ಹಿಂದಕ್ಕೆ ಬಂದು ಇನ್ನೊಂದು ಕಡೆಯೂ ಬಡಿಯುತ್ತದೆ. ಹಿಂದಲೆಗೆ ಪೆಟ್ಟು ಬಿದ್ದವರಿಗೆ ಹಣೆಯ ಕಡೆಯ ಮಿದುಳು ಜಜ್ಜಿರುವುದು ಇದರಿಂದಲೇ. ತಲೆ ಗಿರ್ರನೆ ತಿರುಗಿದರೆ ಒಳಗಿನ ನರದ ಎಳೆಗಳು ಜಗ್ಗಿ ಹರಿಯುತ್ತವೆ. ಪೆಟ್ಟು ಸಣ್ಣದಾದರೆ ಮಿದುಳು ಬರೀ ಕುಲುಕಿದಂತಾಗಿ ಸ್ವಲ್ಪ ಹೊತ್ತು ಮಂಕು ಕವಿಯುತ್ತದೆ, ಇದಕ್ಕೆ ಕನ್‌ಕಷನ್ ಅನ್ನುತ್ತಾರೆ. ಪ್ರಜ್ಞೆ ತಪ್ಪದೆಯೂ ಕನ್‌ಕಷನ್ ಆಗಬಹುದು.

ತಮ್ಮನಿಗೆ ಆದದ್ದು ಬೇರೆ. ಕಿವಿಯ ಮೇಲ್ಗಡೆ ಬುರುಡೆಯ ಮೂಳೆ ಬಹಳ ತೆಳು. ಅದರ ಒಳಮೈಗೆ ಅಂಟಿಕೊಂಡು ಒಂದು ಅಪಧಮನಿ ಹೋಗುತ್ತದೆ. ಮೂಳೆ ಸೀಳಿದಾಗ ಆ ರಕ್ತನಾಳವೂ ಹರಿಯಿತು. ಹೊರಗೆ ಒಂದು ಹನಿ ರಕ್ತ ಇಲ್ಲ, ಒಳಗೆ ಮೂಳೆಗೂ ಪೊರೆಗೂ ನಡುವೆ ಜಿನುಗಿ ಜಿನುಗಿ ಹೆಪ್ಪಾಗುತ್ತಿತ್ತು. ಹೊಟ್ಟೆಯಾದರೆ ಉಬ್ಬುತ್ತದೆ, ಬುರುಡೆ ಉಬ್ಬುವುದಿಲ್ಲ. ಒಳಗೆ ರಕ್ತಕ್ಕೆ ಜಾಗ ಬೇಕಾದರೆ ಮಿದುಳೇ ಬಿಟ್ಟುಕೊಡಬೇಕು. ಮೊದಮೊದಲು ದ್ರವ ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತದೆ. ಆಗ ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ, ಗೋಲಿ ಆಡುತ್ತಾನೆ. ಆ ಜಾಗವೂ ಮುಗಿದ ಮೇಲೆ ಮಿದುಳು ಅದುಮಿಕೊಂಡು ತಲೆನೋವು, ವಾಂತಿ, ಮಂಪರು ಶುರುವಾಗುತ್ತವೆ. ಎಡ ಮಿದುಳು ಬಲಗಡೆಯ ಮೈಯನ್ನು ನಡೆಸುವುದರಿಂದ ಅವನ ಬಲಗೈ ಸೋತಿತ್ತು. ಟಾರ್ಚ್ ಬಿಟ್ಟಾಗ ಎಡಗಣ್ಣಿನ ಪಾಪೆ ಬಲಗಣ್ಣಿಗಿಂತ ದೊಡ್ಡದಿತ್ತು. ಇನ್ನೂ ತಡವಾದರೆ ಉಸಿರಾಟ ನಡೆಸುವ ಬುಡದ ಭಾಗವೇ ಒತ್ತಿಹೋಗುತ್ತದೆ.

ಕ್ರಿಕೆಟ್ ಆಡುವ ಹುಡುಗರು ರಮಣ್ ಲಾಂಬಾ ಹೆಸರು ಮನೆಯಲ್ಲಿ ದೊಡ್ಡವರ ಹತ್ತಿರ ಕೇಳಿ ನೋಡಿ. ಭಾರತಕ್ಕೆ ಆಡಿದ್ದ ಬ್ಯಾಟ್ಸ್‌ಮನ್. 1998ರ ಫೆಬ್ರವರಿ 20ರಂದು ಢಾಕಾದಲ್ಲಿ ಒಂದು ಕ್ಲಬ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್‌ಗೆ ತೀರಾ ಹತ್ತಿರ, ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಹೊಡೆದ ಚೆಂಡು ತಲೆಗೆ ಬಡಿದು ಹಾರಿ ಕೀಪರ್ ಕೈಗೆ ಕ್ಯಾಚ್ ಆಯಿತು. ಲಾಂಬಾ ಎದ್ದು ನಿಂತು ನಡೆದುಕೊಂಡೇ ಮೈದಾನದಿಂದ ಹೊರಗೆ ಹೋದರು. ಮೂರು ದಿನದ ಮೇಲೆ, 23ರಂದು ತೀರಿಕೊಂಡರು, ಆಗ 38 ವರ್ಷ. ಆಸ್ಪತ್ರೆಯಲ್ಲಿ ಇದನ್ನು ಓದಿ ಹೇಳಿದ್ದು ನಮ್ಮ ಚಿಕ್ಕಪ್ಪ. ಎದ್ದು ನಡೆದರು ಅನ್ನುವ ಮಾತಿಗೆ ನನಗೆ ಗೋಲಿ ನೆನಪಾಯಿತು.

ಅಪ್ಪ 108ಕ್ಕೆ ಫೋನ್ ಮಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮನನ್ನು ಜೋರಾಗಿ ಕೂಗಿದರು, ಹೆಸರು ಕೇಳಿದರು, ಬೆರಳು ಹಿಡಿ ಅಂದರು, ಚೀಟಿಯ ಮೇಲೆ 11 ಅಂತ ಬರೆದರು. ನಾನು ಜ್ವರದ ಲೆಕ್ಕ ಅಂದುಕೊಂಡಿದ್ದೆ. ಆಮೇಲೆ ಸಿಸ್ಟರ್ ತಿಳಿಸಿ ಹೇಳಿದರು. ಅದು ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ್ದು. ಕಣ್ಣು ಬಿಡುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15 ಅಂಕ. ಏನೂ ಇಲ್ಲದಿದ್ದರೂ 3 ಕೊಡುತ್ತಾರೆ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಂಭೀರ. ದೊಡ್ಡ ಆಸ್ಪತ್ರೆ ಸೇರುವಷ್ಟರಲ್ಲಿ ತಮ್ಮನ ಅಂಕ 9 ಆಗಿತ್ತು. ಪರೀಕ್ಷೆಯಲ್ಲಿ ಅಂಕ ಇಳಿದರೆ ಅಳುವ ನಾನು ಆ ರಾತ್ರಿ ಅತ್ತ ಹಾಗೆ ಯಾವತ್ತೂ ಅತ್ತಿಲ್ಲ. ಸ್ಕ್ಯಾನ್ ಮಾಡಿ, ಬುರುಡೆಯಲ್ಲಿ ಕಿಟಕಿಯಷ್ಟು ಮೂಳೆ ತೆಗೆದು, ಹೆಪ್ಪು ತೆಗೆದು, ಮೂಳೆ ಮತ್ತೆ ಕೂರಿಸಿದರು. ಬೆಳಗಿನ ಜಾವ ಡಾಕ್ಟರು ಹೊರಗೆ ಬಂದು ಅಪ್ಪನಿಗೆ ಒಂದೇ ಪ್ರಶ್ನೆ ಕೇಳಿದರು: "ಬಿದ್ದಾಗಲೇ ಯಾಕ್ರೀ ಕರ್ಕೊಂಡು ಬರ್ಲಿಲ್ಲ?" ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಪ್ರಪಂಚದಲ್ಲೆಲ್ಲ ತಲೆಗೆ ಪೆಟ್ಟಾಗುವುದಕ್ಕೆ ಮುಖ್ಯ ಕಾರಣ ಎರಡು, ರಸ್ತೆ ಅಪಘಾತ ಮತ್ತು ಬೀಳುವುದು. ನಮ್ಮೂರಲ್ಲಿ ಬೀಳಲಿಕ್ಕೆ ಜಾಗ ಬಹಳ. ತೆಂಗಿನಮರ, ಹುಣಸೆಮರ, ಕಟ್ಟೆಯಿಲ್ಲದ ಮಾಳಿಗೆ, ಟ್ರ್ಯಾಕ್ಟರ್ ಮಡ್‌ಗಾರ್ಡ್. (ಮಡ್‌ಗಾರ್ಡ್ ಮೇಲೆ ಕೂತು ಶಾಲೆಗೆ ಬರುವವರು ಯಾರು ಅಂತ ಇಲ್ಲಿ ಬರೆಯುವುದಿಲ್ಲ.) ಬೈಕಿನಲ್ಲಿ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕಿಯೋ, ಹಂಪ್ ಬಂದಾಗ ಎಗರಿಯೋ ಹಿಂದಕ್ಕೆ ಬಿದ್ದರೆ ಮೊದಲು ಬಡಿಯುವುದು ಹಿಂದಲೆ.

ಹೆಲ್ಮೆಟ್ ನಮ್ಮಲ್ಲಿ ಹ್ಯಾಂಡಲಿಗೆ ನೇತು ಹಾಕುವ ವಸ್ತು, ಪೊಲೀಸರು ಕಂಡಾಗ ತಲೆಗೆ ಏರುತ್ತದೆ. ಅದರ ಗಟ್ಟಿ ಚಿಪ್ಪಿಗಿಂತ ಒಳಗಿನ ಥರ್ಮೋಕೋಲ್ ಮುಖ್ಯ. ಪೆಟ್ಟು ಬಿದ್ದಾಗ ಅದು ನುಗ್ಗಾಗಿ, ತಲೆ ಒಮ್ಮೆಲೇ ನಿಲ್ಲದೆ ಸ್ವಲ್ಪ ನಿಧಾನವಾಗಿ ನಿಲ್ಲುವಂತೆ ಮಾಡುತ್ತದೆ. ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಮತ್ತೆ ಉಪಯೋಗಕ್ಕಿಲ್ಲ. ಪಟ್ಟಿ ಕಟ್ಟದಿದ್ದರೆ ನಮಗಿಂತ ಮೊದಲು ಅದೇ ಹಾರಿಹೋಗುತ್ತದೆ. ಹಿಂದೆ ಕೂತವರಿಗೂ 2016ರಿಂದ ನಮ್ಮ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯ. 'ನಾನು ಅವನಲ್ಲ ಅವಳು' ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್, ಕಡೂರು ತಾಲ್ಲೂಕಿನವರು, 2021ರ ಜೂನ್‌ನಲ್ಲಿ ಬೆಂಗಳೂರಲ್ಲಿ ಗೆಳೆಯರ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಮಿದುಳು ಸತ್ತಿದೆ ಎಂದು ವೈದ್ಯರು ತಿಳಿಸಿದ ಮೇಲೆ ಮನೆಯವರು ಅವರ ಅಂಗಾಂಗ ದಾನ ಮಾಡಿದರು.

ಇನ್ನು ಅಜ್ಜ ಅಜ್ಜಿಯರ ವಿಷಯ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ, ಪೊರೆಯ ಹತ್ತಿರದ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಬಚ್ಚಲಲ್ಲಿ ಜಾರಿ ಸಣ್ಣ ಪೆಟ್ಟಾದರೂ ಅವು ಹರಿದು ವಾರಗಟ್ಟಲೆ ನಿಧಾನವಾಗಿ ರಕ್ತ ಸೇರಬಹುದು. ತಿಂಗಳಾದ ಮೇಲೆ ಅಜ್ಜ ತೊದಲುತ್ತಾರೆ, ನಡೆಯುವಾಗ ಓಲಾಡುತ್ತಾರೆ, ಹೆಸರು ಮರೆಯುತ್ತಾರೆ. ನಾವು ಅರಳುಮರಳು ಅಂದುಬಿಡುತ್ತೇವೆ. ಯಾವತ್ತೋ ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ. ಹೆಂಡ ಕುಡಿದವರ ಪಾಡು ಇನ್ನೂ ಕಷ್ಟ. ಚರಂಡಿ ಪಕ್ಕ ಬಿದ್ದವನು ನಿಶೆಯಲ್ಲಿದ್ದಾನೋ, ಮಿದುಳಿಗೆ ಪೆಟ್ಟಾಗಿದೆಯೋ, ನೋಡಿದರೆ ಒಂದೇ ಥರ. ಎಳೆ ಮಗು ಅಳುತ್ತದೆ ಅಂತ ಹಿಡಿದು ಜೋರಾಗಿ ಅಲ್ಲಾಡಿಸಿದರೂ ಅದರ ಮಿದುಳಿಗೆ ಪೆಟ್ಟಾಗುತ್ತದೆ, ಎಲ್ಲೂ ಬಡಿಯಬೇಕಾಗಿಲ್ಲ.

ಯಾರಿಗಾದರೂ ತಲೆಗೆ ಪೆಟ್ಟಾದರೆ ಮೊದಲು ದೊಡ್ಡವರಿಗೆ ಹೇಳಿ. ಬೈಗುಳಕ್ಕೆ ಹೆದರಬೇಡಿ, ನಾನು ಹೆದರಿದ್ದು ಸಾಕು. ಪ್ರಜ್ಞೆ ತಪ್ಪಿದ್ದರೆ, ಆ ಗಳಿಗೆಯ ನೆನಪೇ ಇಲ್ಲದಿದ್ದರೆ, ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತಡವರಿಸಿದರೆ, ಒಂದು ಕಡೆಯ ಕೈಕಾಲು ಸೋತರೆ, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದಾದರೆ ತಡ ಮಾಡದೆ 108ಕ್ಕೆ ಫೋನ್ ಮಾಡಬೇಕು. ಏನೂ ಇಲ್ಲದಿದ್ದರೂ ಒಂದು ದಿನವಾದರೂ ಒಬ್ಬರು ಜೊತೆಗಿರಬೇಕು. ನಿದ್ದೆಯೇ ಮಾಡಬಾರದು ಅಂತಲ್ಲ, ಎಬ್ಬಿಸಿದರೆ ಸರಿಯಾಗಿ ಎದ್ದು ಮಾತಾಡಬೇಕು. ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬಬೇಡಿ, ಒಗೆದ ಬಟ್ಟೆ ಒತ್ತಿ ಹಿಡಿಯಿರಿ. ಮೂಳೆ ತಗ್ಗಾಗಿದ್ದರೆ ಒತ್ತಬಾರದು. ಕಿವಿ ಮೂಗಿನಿಂದ ನೀರಿನಂಥದ್ದು ಸುರಿದರೆ ಹತ್ತಿ ತುರುಕಬೇಡಿ. ಮಂಪರಿನಲ್ಲಿರುವವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಎತ್ತಿ ಕೂರಿಸಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. ವಾಂತಿ ಬಂದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಮೂರು ನಾಲ್ಕು ಜನ ಸೇರಿ ಮಗ್ಗುಲಿಗೆ ಹೊರಳಿಸಿ. ರಸ್ತೆಯಲ್ಲಾದರೆ "ಪೊಲೀಸ್ ಕೇಸು, ನಮಗ್ಯಾಕೆ" ಅಂತ ದೂರ ನಿಲ್ಲುವವರೇ ಜಾಸ್ತಿ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅನ್ನುವ ನಿಯಮಗಳನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ, 2019ರಲ್ಲಿ ಅದು ಮೋಟಾರು ವಾಹನ ಕಾಯ್ದೆಗೂ ಸೇರಿತು.

ತಮ್ಮ ಬದುಕಿದ. ಬಲಗೈ ಸರಿಹೋಗಿದೆ. ಆದರೆ ಎಲ್ಲ ಮೊದಲಿನಂತೆ ಆಗಿಲ್ಲ, ಇದನ್ನು ಗುರುಗಳು ಓದಬೇಕು ಅಂತಲೇ ಬರೆಯುತ್ತಿದ್ದೇನೆ. ಅವನಿಗೆ ಬೇಗ ಸುಸ್ತಾಗುತ್ತದೆ. ಗದ್ದಲ ಆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಮೊದಲು ಬಾಯಲ್ಲೇ ಹೇಳುತ್ತಿದ್ದ ಹದಿನಾರರ ಮಗ್ಗಿ ನಡುವೆ ನಿಂತುಬಿಡುತ್ತದೆ. ಸಿಟ್ಟು ಬಂದರೆ ತಟ್ಟೆ ಎಸೆಯುತ್ತಾನೆ, ಆಮೇಲೆ ಅವನೇ ಅಳುತ್ತಾನೆ. ಊರಲ್ಲಿ "ಆಪರೇಷನ್ ಆದ್ಮೇಲೆ ಸೊಕ್ಕು ಬಂದೈತೆ" ಅಂದರು. ಡಾಕ್ಟರು ಹೇಳಿದ್ದು, ಮಿದುಳಿನ ಪೆಟ್ಟು ಮಾಯುವಾಗ ಹೀಗಾಗುತ್ತದೆ, ತಿಂಗಳುಗಟ್ಟಲೆ ಬೇಕು, ಇನ್ನೊಂದು ಪೆಟ್ಟು ಮಾತ್ರ ಬೀಳಬಾರದು. ಆದ್ದರಿಂದ ಅವನ ತಲೆಗೆ ಯಾರೂ ಮೊಟಕಬೇಡಿ, ತಮಾಷೆಗೂ ಬೇಡ. ಟೋಪಿ ಎಳೆದು ಹೊಲಿಗೆ ನೋಡಬೇಡಿ. ಆಟದ ಪೀರಿಯಡ್‌ನಲ್ಲಿ ಅವನನ್ನು ಮರದ ಕೆಳಗೆ ಸ್ಕೋರ್ ಬರೆಯಲಿಕ್ಕೆ ಕೂರಿಸಿ. ಲೆಕ್ಕ ತಪ್ಪಿದರೆ ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತಾನೆ.