ಕಾಳ್ಗಿಚ್ಚು, ನೀರು ಮತ್ತು ಅಧಿಕಾರಿಗಳ ಹೊಣೆ

ಬಾಬಾಬುಡನ್‌ಗಿರಿಯ ಸಾಲಿನ ಮಳೆನೆರಳಿಗೆ ಸಿಕ್ಕ ಕಡೂರು ಸೀಮೆಯಲ್ಲಿ, ಶಿವರಾತ್ರಿ ಕಳೆಯುವಷ್ಟರಲ್ಲಿ ಅಮೃತಮಹಲ್ ಕಾವಲುಗಳ ಹುಲ್ಲು ಒಣಗಿ, ಗೋಕಟ್ಟೆಗಳು ಬತ್ತಿ, ತೋಟದಲ್ಲಿ ಉದುರಿದ ತೆಂಗಿನ ಗರಿಯೂ ಒಂದು ಕಿಡಿಗೆ ಸಿದ್ಧವಾಗಿರುತ್ತದೆಂಬುದನ್ನು ಹಿರೇನಲ್ಲೂರಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಡಿ ಬಿದ್ದ ದಿನ ಅಗ್ನಿಶಾಮಕ ವಾಹನವು ಬರಿದಾದ ತನ್ನ ಟ್ಯಾಂಕನ್ನು ಎಲ್ಲಿ ಮರಳಿ ತುಂಬಿಕೊಳ್ಳಬೇಕೆಂಬುದನ್ನು ಮೊದಲೇ ನಿಶ್ಚಯಿಸಿಡಬೇಕಾದ ಹೊಣೆ ಯಾರದು, ಆ ಹೊಣೆಯನ್ನು ಅವರು ನಿರ್ವಹಿಸದಿದ್ದರೆ ಪ್ರಜೆಯು ಏನು ಮಾಡಬಹುದು ಎಂಬುದು ಮಾತ್ರ ಅವನಿಗೆ ತಿಳಿಯದಿರುವ ಸಂಭವವುಂಟು.

2019ರ ಫೆಬ್ರವರಿಯಲ್ಲಿ ಬಂಡೀಪುರದ ಅರಣ್ಯವು ಸಾವಿರಾರು ಎಕರೆಗಳಷ್ಟು ಉರಿದಾಗ, ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿಯಬೇಕಾಯಿತು. ಅಂತಹ ಸಾಹಸವನ್ನು ಮೆಚ್ಚೋಣ. ಆದರೆ ಒಂದು ಹೋಬಳಿಯ ಕಾವಲಿಗೆ ಬೆಂಕಿ ಬಿದ್ದರೆ ಹೆಲಿಕಾಪ್ಟರು ಬಾರದು. ಅಲ್ಲಿ ಒದಗತಕ್ಕುದು ಸಮೀಪದ ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕು, ವಾಲ್ವಿನ ಬಳಿ ನಿಂತ ನೀರುಗಂಟಿ, ಮತ್ತು ಆ ಹೊತ್ತಿನಲ್ಲಿ ಪಂಪು ತಿರುಗುವಷ್ಟು ತ್ರಿಫೇಸ್ ವಿದ್ಯುತ್ತು, ಇಷ್ಟೆ.

2005ರ ವಿಪತ್ತು ನಿರ್ವಹಣಾ ಅಧಿನಿಯಮದ ಪ್ರಕಾರ ಜಿಲ್ಲಾಧಿಕಾರಿಯು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷನು. ಅಪಾಯಕ್ಕೀಡಾಗುವ ಪ್ರದೇಶಗಳಾವುವು, ಅಲ್ಲಿ ಯಾವ ಇಲಾಖೆಯು ಏನು ಸಿದ್ಧತೆ ಮಾಡಿಕೊಳ್ಳತಕ್ಕದ್ದು ಎಂಬುದನ್ನೊಳಗೊಂಡ ಜಿಲ್ಲಾ ಯೋಜನೆಯನ್ನು ರಚಿಸಿ ಪ್ರತಿವರ್ಷವೂ ಪರಿಷ್ಕರಿಸಬೇಕೆಂದು 31ನೆಯ ಪ್ರಕರಣವೂ, ಸ್ಥಳೀಯ ಸಂಸ್ಥೆಗಳು ತಮ್ಮ ಸಾಧನಸಾಮಗ್ರಿಗಳನ್ನು ವಿಪತ್ತಿನ ಸಮಯದಲ್ಲಿ ಉಪಯೋಗಕ್ಕೆ ಸಿಗುವಂತೆ ಇಟ್ಟಿರಬೇಕೆಂದು 41ನೆಯ ಪ್ರಕರಣವೂ ವಿಧಿಸುತ್ತವೆ. ಇನ್ನು 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮವು, ಬೆಂಕಿಯ ಸಂದರ್ಭದಲ್ಲಿ ಸಾರ್ವಜನಿಕವೋ ಖಾಸಗಿಯೋ ಆದ ಯಾವುದೇ ಬಾವಿ, ಕೆರೆ, ತೊಟ್ಟಿಯ ನೀರನ್ನು ಬಳಸುವ ಅಧಿಕಾರವನ್ನು ದಳಕ್ಕೆ ಕೊಟ್ಟಿದೆ. ಅಧಿಕಾರವೇನೋ ಸಂಪೂರ್ಣವಾದದ್ದೇ, ಬತ್ತಿದ ಕೆರೆಯ ಮೇಲೆ ಆ ಅಧಿಕಾರವನ್ನು ಚಲಾಯಿಸಿ ಆಗುವ ಪ್ರಯೋಜನವಾದರೂ ಏನು?

ಆದುದರಿಂದ ಪ್ರಜೆಯ ಕೆಲಸವು ಬೇಸಗೆಗೆ ಮೊದಲೇ, ನವೆಂಬರ್ ಡಿಸೆಂಬರುಗಳಲ್ಲಿ ಆರಂಭವಾಗಬೇಕು. ಗ್ರಾಮಸಭೆಯಲ್ಲಿ, ಬೆಂಕಿಗೆ ಮೀಸಲಾದ ನೀರಿನ ಮೂಲಗಳನ್ನು ಗುರುತಿಸಬೇಕೆಂಬ ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯೊಡನೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ತಹಸೀಲ್ದಾರ್, ವಲಯ ಅರಣ್ಯಾಧಿಕಾರಿ ಮತ್ತು ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಿ, ಸ್ವೀಕೃತಿಯ ಮೊಹರನ್ನು ತಪ್ಪದೆ ಪಡೆಯಿರಿ. ಬಾಯಿಮಾತಿನ ಭರವಸೆಯು ನಮ್ಮಲ್ಲಿ ಧಾರಾಳವಾಗಿ ದೊರೆಯುವುದಾದರೂ ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿಲ್ಲ.

ತರುವಾಯ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕಾದ್ದರಿಂದ ದೂರನ್ನೂ ಕೋಪವನ್ನೂ ಬದಿಗಿಟ್ಟು, ಜಿಲ್ಲಾ ಯೋಜನೆಯಲ್ಲಿ ಕಾಳ್ಗಿಚ್ಚಿನ ಕುರಿತ ಭಾಗ, ಅದನ್ನು ಕಡೆಯ ಬಾರಿ ಪರಿಷ್ಕರಿಸಿದ ದಿನಾಂಕ, ನಮ್ಮ ಹೋಬಳಿಗೆ ಗೊತ್ತುಮಾಡಿದ ನೀರಿನ ಮೂಲಗಳ ಪಟ್ಟಿ, ಇವುಗಳ ಪ್ರತಿಯನ್ನಷ್ಟೇ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಸಲ್ಲದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ‘ಅಂತಹ ಪಟ್ಟಿ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ನಿರಾಶರಾಗಬೇಡಿ. ಅಧಿಕಾರಿಯ ಸಹಿಯಿರುವ ಅದಕ್ಕಿಂತ ಬಲವಾದ ಸಾಕ್ಷ್ಯವನ್ನು ನೀವು ಬೇರೆಡೆ ಹುಡುಕಲಾರಿರಿ.

ಕರ್ತವ್ಯವನ್ನು ನಿರಾಕರಿಸುವ ಅಧಿಕಾರಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನೋ ದಂಡವನ್ನೋ ಅದೇ ವಿಪತ್ತು ಅಧಿನಿಯಮದ 56ನೆಯ ಪ್ರಕರಣ ವಿಧಿಸುತ್ತದೆ. 30 ದಿನಗಳ ಮುನ್ಸೂಚನೆ ಕೊಟ್ಟ ಯಾವ ವ್ಯಕ್ತಿಯಾದರೂ ದೂರು ಹೂಡಬಹುದೆಂದು 60ನೆಯದು ಹೇಳುತ್ತದೆ. ಆದರೆ 59ನೆಯದು ಸರ್ಕಾರದ ಪೂರ್ವಾನುಮತಿಯನ್ನು ಬೇಡುವುದರಿಂದ ಈ ದಾರಿ ಓದಲು ಸುಲಭ, ನಡೆಯಲು ದುರ್ಗಮ. ಉಚ್ಚ ನ್ಯಾಯಾಲಯದಲ್ಲಿ ಸಂವಿಧಾನದ 226ನೆಯ ಅನುಚ್ಛೇದದ ಮೇರೆಗೆ, ಕರ್ತವ್ಯವನ್ನು ನಿರ್ವಹಿಸುವಂತೆ ಆಜ್ಞೆಯನ್ನು ಕೋರುವುದೇ ಇದಕ್ಕಿಂತ ಫಲಪ್ರದವೆಂದು ನನ್ನ ಅಭಿಪ್ರಾಯ; ಮೊದಲು ಬೇಡಿಕೆ ಸಲ್ಲಿಸಿ ಅದು ಈಡೇರಲಿಲ್ಲವೆಂದು ತೋರಿಸಲು ಆ ಮೊಹರಿನ ಪ್ರತಿಯೇ ಅಲ್ಲಿ ಬೇಕಾಗುವುದು. ಹಣವಿಲ್ಲವೆಂಬ ನೆಪವನ್ನು ಎತ್ತಿದರೆ, ಸಾರ್ವಜನಿಕ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಅದು ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ತೀರ್ಮಾನಿಸಿರುವುದನ್ನು ತೋರಿಸಬಹುದು.

ಹೊಣೆ ಪ್ರಜೆಗೂ ಉಂಟು: ಹೊಸ ಹುಲ್ಲು ಚಿಗುರಲೆಂದು ತಾನೇ ಕಾವಲಿಗೆ ಬೆಂಕಿಯಿಟ್ಟವನು ಅಧಿಕಾರಿಯನ್ನು ದೂರುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಮೀಸಲು ಅರಣ್ಯದಲ್ಲಾದರೆ ಅದು ಅಪರಾಧವೂ ಹೌದು.

ಬೆಂಕಿ ಕಂಡೊಡನೆ 112ಕ್ಕೆ ಕರೆಮಾಡಿ, ಕರೆಯ ಸಮಯವನ್ನೂ ವಾಹನ ಬಂದ ಸಮಯವನ್ನೂ ನೀರು ತುಂಬಿದ ಸ್ಥಳವನ್ನೂ ಬರೆದಿಡಿ. ವಕೀಲರ ಖರ್ಚಿಗೆ ಹೆದರಿ ಹಿಂಜರಿಯಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಸಾಮೂಹಿಕ ವಿಪತ್ತಿಗೆ ಸಿಕ್ಕವರಿಗೂ ಕಾನೂನು ನೆರವು ಉಚಿತ. ಕಡೂರಿನ ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೆ 15100ಕ್ಕೆ ಕರೆಮಾಡಿ.