ಬಿಡುವ ಊರುಗಳ ಪಟ್ಟಿ ಮೊದಲು ಮಾಡಿ

ನೀವು ಎಂಟು ಜನ ಸೇರಿ ಕಳಿಸಿದ ಐರ್ಲೆಂಡ್ ಪ್ರವಾಸದ ಪಟ್ಟಿ ನೋಡಿದೆ. ಆರು ದಿನ, ಹದಿಮೂರು ಊರು! ಮದುವೆ ಮನೆಯ ಎಲೆ ಇದ್ದ ಹಾಗಿದೆ. ಬಡಿಸಿದ್ದು ಬೆಟ್ಟದಷ್ಟು, ಉಣ್ಣುವ ಹೊಟ್ಟೆ ಗೇಣಗಲ. ಮಗಳ ಮನೆಗೆಂದು ಎರಡು ಸಲ ಡಬ್ಲಿನ್‌ಗೆ ಹೋಗಿ, ತಪ್ಪು ಮಾಡಿಯೇ ಆ ದೇಶ ತಿರುಗುವುದನ್ನು ಕಲಿತವನು ನಾನು. ದೊಡ್ಡಪ್ಪನ ಮಾತು ಸ್ವಲ್ಪ ಕೇಳಿ.

ಆ ದ್ವೀಪ ಕರ್ನಾಟಕದ ಅರ್ಧದಷ್ಟೂ ಇಲ್ಲ. ಮೋಸ ಹೋಗುವುದೇ ಅಲ್ಲಿ. ಡಬ್ಲಿನ್‌ನಿಂದ ಗಾಲ್ವೇಗೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಹೆದ್ದಾರಿಯಲ್ಲಿ ಎರಡೂವರೆ ಗಂಟೆ. ಅದೇ ಲೆಕ್ಕವನ್ನು ಹಳ್ಳಿಗಾಡಿಗೂ ಹಾಕಿದರೆ ಕೆಟ್ಟಿರಿ. ಎರಡೂ ಕಡೆ ಕಲ್ಲುಗೋಡೆ, ಕೆಲವೆಡೆ ದಾರಿಯ ನಡುವೆಯೇ ಹುಲ್ಲು, ಎದುರಿಗೆ ಟ್ರ್ಯಾಕ್ಟರೋ ಕುರಿಮಂದೆಯೋ. 2025ರಲ್ಲಿ ಸ್ಥಳೀಯ ಗ್ರಾಮೀಣ ರಸ್ತೆಗಳ ವೇಗದ ಮಿತಿಯನ್ನು ಗಂಟೆಗೆ 80 ಕಿ.ಮೀ.ನಿಂದ 60ಕ್ಕೆ ಇಳಿಸಿದ್ದಾರೆ. 'ರಿಂಗ್ ಆಫ್ ಕೆರಿ'ಗೆ ಒಂದು ಬೆಳಗಿನ ಹೊತ್ತು ಎಂದು ಬರೆದಿದ್ದೀರಿ. ಅದು 179 ಕಿ.ಮೀ. ಸುತ್ತು, ಇಡೀ ದಿನವನ್ನೇ ನುಂಗುತ್ತದೆ.

ಮೊದಲ ಸಲ ನಾನೂ ಹೀಗೇ ಪಟ್ಟಿ ಹಿಡಿದು ಹೊರಟಿದ್ದೆ. ಡಬ್ಲಿನ್‌ನಿಂದ ಮೋಹರ್ ಕಡಲಬಂಡೆಗಳಿಗೆ ಹೋಗಿ ಅಂದೇ ವಾಪಸ್. ಇನ್ನೂರು ಮೀಟರಿಗೂ ಮಿಕ್ಕ ಎತ್ತರದ ಬಂಡೆ ಅದು. ನನಗೆ ಕಂಡದ್ದು ಬರೀ ಮಂಜು, ಕೇಳಿದ್ದು ಅಲೆಯ ಸದ್ದು. 'ಸ್ವಲ್ಪ ಕಾಯೋಣ ಅಪ್ಪಾ' ಎಂದಳು ಮಗಳು. ಮುಂದಿನ ಊರಿಗೆ ಹೊತ್ತಾಯಿತು ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟೆ. ಅರ್ಧ ಗಂಟೆ ಕಳೆದು ತಿರುಗಿ ನೋಡಿದರೆ ಬಿಸಿಲು ಬಿದ್ದಿತ್ತು. ಆ ಮುಂದಿನ ಊರು ಯಾವುದೆಂದು ಈಗ ನೆನಪೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಬೀಡು ಬಿಡುವುದು ಎರಡೇ ಕಡೆ ಇರಲಿ. ಡಬ್ಲಿನ್‌ನಲ್ಲಿ ಎರಡು ರಾತ್ರಿ, ಗಾಲ್ವೇಯಲ್ಲಿ ಮೂರು ರಾತ್ರಿ. ದಕ್ಷಿಣದ ಕಿಲಾರ್ನಿಯೇ ಬೇಕೆಂದರೆ ಗಾಲ್ವೇ ಬಿಡಿ. ಎರಡನ್ನೂ ಹಿಡಿಯಲು ಹೋಗಬೇಡಿ.

ಡಬ್ಲಿನ್‌ನಲ್ಲಿ ಕಾರು ಬೇಡವೇ ಬೇಡ. ಬಸ್ಸು, ಲುವಾಸ್ ಟ್ರಾಮು, ಎರಡು ಕಾಲು ಸಾಕು. ಕಿಲ್ಮೇನಂ ಜೈಲಿಗೆ ಮುಂಗಡ ಟಿಕೆಟ್ ತೆಗೆಸಿ. 1916ರ ಈಸ್ಟರ್ ದಂಗೆಯ ಹದಿನಾಲ್ಕು ಜನರನ್ನು ಗುಂಡಿಟ್ಟು ಕೊಂದ ಜಾಗ ಅದು. ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿ, ಮುಂದೆ ರಾಷ್ಟ್ರಪತಿಯೂ ಆದ ವಿ.ವಿ. ಗಿರಿ ಆ ಕಾಲದಲ್ಲಿ ಡಬ್ಲಿನ್‌ನಲ್ಲೇ ಕಾನೂನು ಓದುತ್ತಿದ್ದರು. ನ್ಯೂಗ್ರೇಂಜ್‌ಗೆ ಹೋಗುವುದಾದರೂ ಮೊದಲೇ ಟಿಕೆಟ್ ಬೇಕು. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯ ಆ ಸಮಾಧಿಯೊಳಗೆ ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ.

ಕಾರು ಹಿಡಿಯುವುದು ಡಬ್ಲಿನ್ ಬಿಡುವ ದಿನ. ನಮ್ಮಂತೆ ಎಡಗಡೆಯೇ ಓಡಿಸುವುದು, ಅದೊಂದು ನೆಮ್ಮದಿ. ಗೇರ್ ಕಾರು ಒಗ್ಗದಿದ್ದರೆ ಆಟೋಮ್ಯಾಟಿಕ್ ಬೇಕೆಂದು ಮೊದಲೇ ಕೇಳಿ. ಚಾಲಕನ ವಯಸ್ಸಿನ ನಿಯಮವನ್ನೂ ಓದಿ. ನಿಮ್ಮಲ್ಲಿ ಇಬ್ಬರಿಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ. ಡಬ್ಲಿನ್ ಸುತ್ತುವ ಎಂ-50 ರಸ್ತೆಯ ಸುಂಕಕ್ಕೆ ಕಟ್ಟೆಯೇ ಇಲ್ಲ. ಮರುದಿನ ರಾತ್ರಿ ಎಂಟರೊಳಗೆ ಕಟ್ಟಬೇಕು. ಯಾರು ಕಟ್ಟುವುದೆಂದು ಕಾರಿನವರನ್ನು ಕೇಳಿಯೇ ಹೊರಡಿ.

ಗಾಲ್ವೇಯಿಂದ ಒಂದು ದಿನ ಮೋಹರ್, ದಾರಿಯಲ್ಲೇ ಬರೆನ್ನಿನ ಸುಣ್ಣಕಲ್ಲಿನ ಬಯಲು. ಇನ್ನೊಂದು ದಿನ ಕಾನೆಮಾರಾ, ಇಲ್ಲವೇ ಆರನ್ ದ್ವೀಪಗಳು. ಉಳಿದ ಹೊತ್ತಿಗೆ ಏನನ್ನೂ ಬರೆಯಬೇಡಿ. ಮಳೆ ಹಿಡಿದರೆ, ಗಾಳಿಗೆ ದೋಣಿ ನಿಂತರೆ, ಮಂಜು ಕವಿದರೆ ಆ ಖಾಲಿ ಹೊತ್ತೇ ಕೈ ಹಿಡಿಯುವುದು. ಕೊಡೆಯನ್ನು ಗಾಳಿ ಕಿತ್ತುಕೊಂಡು ಹೋಗುತ್ತದೆ, ರೇನ್‌ಕೋಟ್ ತನ್ನಿ. ಜೂನ್‌ನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕು ದಾಟುತ್ತಲೇ ಹೊತ್ತು ಮುಳುಗುತ್ತದೆ.

ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯದು, ಅದಕ್ಕೆ ಬೇರೆಯದೇ ಬೇಕು. ನಿಮ್ಮ ಪಟ್ಟಿಯಲ್ಲಿ 'ಜೈಂಟ್ಸ್ ಕಾಸ್‌ವೇ'ಯೂ ಇದೆ. ಅದಿರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಗೇಟಿಲ್ಲ, ತಡೆಯುವವರಿಲ್ಲ. ಹಾಗೆಂದು ವೀಸಾ ಬೇಡವೆಂದಲ್ಲ. ಐರಿಶ್ ವೀಸಾದ ಮೇಲೆ ಬಿಐವಿಎಸ್ (ಬ್ರಿಟನ್ನಿಗೂ ನಡೆಯುತ್ತದೆಂಬ ಗುರುತು) ಎಂದಿದ್ದರೆ ಸರಿ, ಇಲ್ಲದಿದ್ದರೆ ಅತ್ತ ತಲೆ ಹಾಕಬೇಡಿ. ಅಲ್ಲಿನಂಥ ಕಂಬಕಂಬದ ಬಂಡೆ ನೋಡುವ ಆಸೆಗೆ ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪವಿದೆ.

ಇನ್ನು ಮನಸ್ತಾಪದ ಮಾತು. ಪ್ರವಾಸ ಕೆಡುವುದು ಮಳೆಯಿಂದಲ್ಲ, ಲೆಕ್ಕದಿಂದ. ಹೊರಡುವ ಮುಂಚೆಯೇ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬರ ಕೈಗೆ ಕೊಡಿ. ಪಬ್ಬಿನಲ್ಲಿ ಒಬ್ಬೊಬ್ಬರು ಒಂದೊಂದು ಸರದಿ ಎಲ್ಲರಿಗೂ ಕೊಡಿಸುವುದು ಅಲ್ಲಿನ ರೂಢಿ. ಕುಡಿಯದವರು ಮೊದಲೇ ಹೇಳಿ ಸರದಿಯಿಂದ ಹೊರಗುಳಿಯಲಿ. ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಬೇಗ ಮುಚ್ಚುತ್ತದೆ. ನಿಮ್ಮಲ್ಲಿನ ಸಸ್ಯಾಹಾರಿಗಳಿಗೆ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ತುಪ್ಪ, ಧಾರವಾಡ ಪೇಡ ಮಾತ್ರ ಕಟ್ಟಿಕೊಳ್ಳಬೇಡಿ; ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಅಲ್ಲಿ ನಿಷೇಧವಿದೆ.

ಸಣ್ಣ ದಾರಿಗಳಲ್ಲಿ ಎದುರು ಬರುವವರು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾರೆ, ಅದೇ ಅವರ ನಮಸ್ಕಾರ. ನೀವೂ ಎತ್ತಿ. ಅಷ್ಟು ನಿಧಾನವಾಗಿ ಹೋದರಷ್ಟೇ ಅದು ಕಣ್ಣಿಗೆ ಬೀಳುವುದು.

ಈಗ ಎಂಟೂ ಜನ ಕೂತು, ಹದಿಮೂರರಲ್ಲಿ ಎಂಟು ಊರು ಹೊಡೆದುಹಾಕಿ. ಒಬ್ಬೊಬ್ಬರು ಒಂದೊಂದು ಬಿಡಿ, ಜಗಳವಿರದು. ಉಳಿದ ಪಟ್ಟಿಯನ್ನು ನನಗೆ ಕಳಿಸಿ, ಟಿಕೆಟ್ ತೆಗೆಸುವುದು ಆಮೇಲೆ.